ಮೀನಿನ ತಲೆಯಲ್ಲೊಂದು ಕಲ್ಲು

(ದಾವಣಗೆರೆಯ ಗ್ರಂಥಾಲಯವೊಂದರಲ್ಲಿ ಭಾನುವಾರ ಸಂಜೆ ಆಡಿದ ಮಾತುಗಳನ್ನು ಆಮೇಲೆ ಕುಳಿತು ಬರೆದದ್ದು. ಅಲ್ಲಿ ಎರಡೆರಡು ಸಲ ಹೇಳಿದ್ದನ್ನು ಇಲ್ಲಿ ಒಂದು ಸಲಕ್ಕೆ ಇಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ಈ ಡಬ್ಬಿಯನ್ನು ಮುಂದಿನ ಸಾಲಿನವರಿಗೆ ಕೊಡುತ್ತೇನೆ. ಒಂದು ಕಾಲಕ್ಕೆ ಇದರಲ್ಲಿ ಹಲ್ಲುಪುಡಿ ಇತ್ತು, ಈಗ ಇಪ್ಪತ್ತನಾಲ್ಕು ಕಲ್ಲುಗಳಿವೆ. ಒಂದನ್ನು ತೆಗೆದು ಅಂಗೈ ಮೇಲೆ ಇಟ್ಟುಕೊಂಡು ನೋಡಿ, ಪಕ್ಕದವರಿಗೆ ದಾಟಿಸಿ. ದೊಡ್ಡವು ಹುಣಸೆ ಬೀಜದಷ್ಟಿವೆ, ಚಿಕ್ಕವು ಸಾಸಿವೆಗಿಂತ ತುಸು ಉದ್ದ. ಬಿಳಿ ಬಣ್ಣ, ಒಂದು ಬದಿ ಉಬ್ಬು, ಇನ್ನೊಂದು ಬದಿಯಲ್ಲಿ ಉಗುರಿನಿಂದ ಗೀರಿದಂಥ ಒಂದು ತೋಡು. ಏನೆಂದು ಆಮೇಲೆ ಹೇಳುತ್ತೇನೆ. ದಯವಿಟ್ಟು ಯಾರೂ ಬಾಯಿಗೆ ಹಾಕಿಕೊಳ್ಳಬೇಡಿ. ಹೋದ ಸಲ ಒಬ್ಬ ಹುಡುಗ ಪೆಪ್ಪರ್‌ಮಿಂಟ್ ಅಂದುಕೊಂಡಿದ್ದ.

ನನ್ನನ್ನು ಪರಿಚಯಿಸಿದವರು ಪ್ರೀತಿಯಿಂದ ‘ಸಮುದ್ರ ತಜ್ಞರು’ ಎಂದುಬಿಟ್ಟರು. ಅದನ್ನು ಇಲ್ಲೇ ತಿದ್ದುತ್ತೇನೆ. ನಾನು ಮೂವತ್ತೊಂದು ವರ್ಷ ಇದೇ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಗಣಿತ ಹೇಳಿಕೊಟ್ಟವನು. ಹುಟ್ಟಿದ್ದು ಮರವಂತೆಯ ಆಸುಪಾಸಿನಲ್ಲಿ. ಹೆದ್ದಾರಿಯ ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕಾ ನದಿ ಇರುವ ಆ ಜಾಗವನ್ನು ನಿಮ್ಮಲ್ಲಿ ಹಲವರು ಬಸ್ಸಿನ ಕಿಟಕಿಯಿಂದ ನೋಡಿರುತ್ತೀರಿ. ಎರಡು ನೀರುಗಳ ನಡುವೆ ಬೆಳೆದರೂ ನನಗೆ ಈಜು ಬರುವುದಿಲ್ಲ. ನಗಬಹುದು, ಪರವಾಗಿಲ್ಲ. ಹವಳದ ದಿಬ್ಬಗಳ ನಡುವೆ ಮುಳುಗಿ ಬಂದವರ ಮಾತು ಬೇರೆ. ನನಗೆ ಕಡಲು ಗೊತ್ತಾದದ್ದು ಅಮ್ಮನ ಮೆಟ್ಟುಗತ್ತಿಯ ಮುಂದೆ ಕುಳಿತು ಮತ್ತು ಊಟದ ತಟ್ಟೆಯ ಮುಂದೆ ಕುಳಿತು.

ಈ ಕಲ್ಲಿನ ಕಥೆಯೂ ತಟ್ಟೆಯದೇ. ಏಳೆಂಟು ವರ್ಷದವನಿದ್ದೆ. ಅವತ್ತು ಕೊಡ್ಡಾಯಿ ಸಾರು. ತಲೆಯ ಹೋಳು ಯಾವಾಗಲೂ ನನಗೇ. ಜಗಿಯುವಾಗ ಹಲ್ಲಿಗೆ ಕಟ್ ಎಂದು ಏನೋ ಸಿಕ್ಕಿತು. ಅಕ್ಕಿಯ ಕಲ್ಲೆಂದು ತೆಗೆದು ನೋಡಿದರೆ ಇಂಥದ್ದು. ಅಮ್ಮ ತಿರುಗಿಯೂ ನೋಡದೆ, “ಮೀನಿನ ಕಲ್ಲು, ಆಚೆ ಇಡು” ಎಂದಳು. ಮೀನಿಗೆ ಕಲ್ಲು ಯಾಕೆ ಎಂದು ಕೇಳಿದೆ. ಅಮ್ಮನಿಗೆ ಅಂಥ ಪ್ರಶ್ನೆಗಳಿಗೆ ಪುರುಸೊತ್ತಿರಲಿಲ್ಲ. ಮೂಲೆಯಲ್ಲಿ ಕುಳಿತಿದ್ದ ಅಜ್ಜಿ ಹೇಳಿದಳು: “ತಲೆಗೆ ಭಾರ ಬೇಡವೇನೋ? ಇಲ್ಲದಿದ್ದರೆ ತಲೆ ಕೆಳಗಾಗಿ ಹೋಗುತ್ತದೆ, ಮೇಲೆ ಯಾವುದು ಕೆಳಗೆ ಯಾವುದು ಅಂತ ಗೊತ್ತಾಗುವುದಿಲ್ಲ.”

ಅಜ್ಜಿಗೆ ಓದು ಬರುತ್ತಿರಲಿಲ್ಲ. ಹೇಳಿದ್ದು ಮುಕ್ಕಾಲು ಪಾಲು ಸರಿ ಎಂದು ನನಗೆ ಗೊತ್ತಾಗಲು ನಲವತ್ತು ವರ್ಷ ಬೇಕಾಯಿತು.

ಇದು ಮೀನಿನ ಕಿವಿಯೊಳಗಿನ ಕಲ್ಲು. ಮೀನಿಗೆ ಹೊರಗೆ ಕಾಣುವ ಕಿವಿಯಿಲ್ಲ, ತಲೆಬುರುಡೆಯ ಒಳಗೆ ಮಿದುಳಿನ ಎರಡೂ ಪಕ್ಕದಲ್ಲಿದೆ. ಮೂಳೆಯಿರುವ ಮೀನುಗಳಲ್ಲಿ ಒಟ್ಟು ಮೂರು ಜೋಡಿ ಕಲ್ಲುಗಳಿರುತ್ತವೆ, ನಮ್ಮ ಹಲ್ಲಿಗೆ ಸಿಗುವುದು ದೊಡ್ಡ ಜೋಡಿ. ಅದು ಯಾಕೆ ಬೇಕು ಎಂಬುದು ಸೊಗಸಾದ ಲೆಕ್ಕ. ಮೀನಿನ ಮೈಯ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ. ನೀರಿನಲ್ಲಿ ಶಬ್ದದ ಅಲೆ ಬಂದರೆ ನೀರಿನ ಜೊತೆ ಮೀನೂ ಅಷ್ಟೇ ಅಲುಗುತ್ತದೆ. ಎಲ್ಲವೂ ಒಟ್ಟಿಗೆ ಅಲುಗಿದರೆ ಅಲುಗಾಟ ತಿಳಿಯುವುದು ಹೇಗೆ? ಕಲ್ಲು ಮಾತ್ರ ನೀರಿಗಿಂತ ಸುಮಾರು ಮೂರು ಪಟ್ಟು ಭಾರ. ಹಾಗಾಗಿ ಅದು ಉಳಿದ ಮೈಯ ಜೊತೆ ಹೆಜ್ಜೆ ಹಾಕದೆ ಒಂದಿಷ್ಟು ಹಿಂದೆ ಉಳಿಯುತ್ತದೆ. ಅದರ ಕೆಳಗೆ ಹಾಸಿದಂತಿರುವ ಕೂದಲೆಳೆಯ ಜೀವಕೋಶಗಳು ಆಗ ಬಾಗುತ್ತವೆ. ಬಾಗಿದ್ದೇ ಸುದ್ದಿ, ಮಿದುಳಿಗೆ ಹೋಗುತ್ತದೆ. ಮೀನು ಓರೆಯಾದರೂ ಕಲ್ಲು ಆ ಕಡೆಗೆ ವಾಲುತ್ತದೆ. ಮೇಲೆ ಯಾವುದು, ಕೆಳಗೆ ಯಾವುದು ಗೊತ್ತಾಗುವುದು ಹಾಗೆ. ಅಜ್ಜಿಯ ಮಾತಿನಲ್ಲಿ ಬಿಟ್ಟುಹೋಗಿದ್ದ ಕಾಲು ಭಾಗ ಎಂದರೆ ಕೇಳುವುದು.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದೆ. ಕೋಣೆ ಗಿರ್ರನೆ ತಿರುಗಿತು. ಪಾರ್ಶ್ವವಾಯು ಎಂದೇ ಹೆದರಿ ಮಗ ಆಸ್ಪತ್ರೆಗೆ ಕರೆದುಕೊಂಡು ಹೋದ. ವೈದ್ಯರು ನನ್ನನ್ನು ಮಂಚದ ಮೇಲೆ ಮಲಗಿಸಿ, ತಲೆಯನ್ನು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗಿಸಿ ಹಿಡಿದು, ಎಬ್ಬಿಸಿ ಕೂರಿಸಿದರು. “ಕಿವಿಯೊಳಗಿನ ಹರಳು ಜಾರಿತ್ತು ಮೇಷ್ಟ್ರೇ, ವಾಪಸ್ ಜಾಗಕ್ಕೆ ಕಳಿಸಿದ್ದೇನೆ” ಎಂದರು. ಯಾವ ಹರಳು ಎಂದೆ. ನಮ್ಮ ಒಳಗಿವಿಯಲ್ಲೂ ಕ್ಯಾಲ್ಸಿಯಂ ಕಾರ್ಬೊನೇಟ್‌ನ ಪುಡಿಹರಳುಗಳಿವೆಯಂತೆ. ಅವು ತಮ್ಮ ಜಾಗ ಬಿಟ್ಟು ಪಕ್ಕದ ಅರ್ಧವೃತ್ತದ ನಾಳಕ್ಕೆ ಬಿದ್ದರೆ ಹೀಗೆ ತಲೆಸುತ್ತು. ಈ ಡಬ್ಬಿಯಲ್ಲಿರುವುದೂ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಮೀನಿನಲ್ಲಿ ಗಟ್ಟಿ ಕಲ್ಲಾಗಿದೆ, ನಮ್ಮಲ್ಲಿ ಧೂಳಾಗಿದೆ, ಅಷ್ಟೇ. ಮಗ ಔಷಧಿಯ ಚೀಟಿ ಹಿಡಿದು ನಿಂತಿದ್ದ, ನಾನು ಅಜ್ಜಿಯನ್ನು ನೆನೆದುಕೊಂಡು ನಗುತ್ತಿದ್ದೆ. ತಲೆಗೇನಾದರೂ ಪೆಟ್ಟಾಗಿದೆಯೇ ಎಂದು ಅವನು ವೈದ್ಯರನ್ನು ಇನ್ನೊಮ್ಮೆ ಕೇಳಿದ.

ಕಲ್ಲಿಗೆ ಇನ್ನೊಂದು ಗುಣವಿದೆ. ಮೀನು ಬದುಕಿರುವಷ್ಟು ದಿನವೂ ಅದರ ಮೇಲೆ ಹೊಸ ಪದರ ಕೂರುತ್ತಲೇ ಇರುತ್ತದೆ, ಹಳೆಯದು ಕರಗುವುದಿಲ್ಲ. ಮರದ ಕಾಂಡದ ಉಂಗುರಗಳ ಹಾಗೆ. 1899ರಲ್ಲಿ ಯೊಹಾನೆಸ್ ರೈಬಿಶ್ ಎಂಬ ಜರ್ಮನ್ ವಿಜ್ಞಾನಿ ಈ ಉಂಗುರಗಳನ್ನು ಎಣಿಸಿ ಮೀನಿನ ವಯಸ್ಸು ಹೇಳಿದರು. ಚಳಿಗಾಲದಲ್ಲಿ ಬೆಳವಣಿಗೆ ನಿಧಾನ, ಬೇಸಿಗೆಯಲ್ಲಿ ಚುರುಕು. ವರ್ಷಕ್ಕೊಂದು ಉಂಗುರ. ಆದರೆ ನಮ್ಮ ಅರಬ್ಬೀ ಕಡಲಿನಲ್ಲಿ ಅಂಥ ಚಳಿಗಾಲ ಎಲ್ಲಿದೆ? ಇಲ್ಲಿನ ಮೀನುಗಳಲ್ಲಿ ವರ್ಷದ ಗೆರೆ ಅಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ. 1971ರಲ್ಲಿ ಜಾರ್ಜಿಯೊ ಪನ್ನೆಲ್ಲಾ ಎಂಬವರು ಕಲ್ಲನ್ನು ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ವರ್ಷದ ಉಂಗುರಗಳ ನಡುವೆ ಇನ್ನೂ ನವಿರಾದ ಗೆರೆಗಳು ಕಂಡವು. ದಿನಕ್ಕೊಂದು ಗೆರೆ! ಮೀನು ತನ್ನ ತಲೆಯೊಳಗೆ ದಿನಚರಿ ಬರೆದಿಟ್ಟುಕೊಂಡಿರುತ್ತದೆ. ನಾವು ಅದನ್ನು ಬಾಳೆ ಎಲೆಯ ಅಂಚಿಗೆ ತಳ್ಳಿ ಮಜ್ಜಿಗೆ ಬಡಿಸಿಕೊಳ್ಳುತ್ತೇವೆ.

ಇದು ಗೊತ್ತಾದಂದಿನಿಂದ ನಾನು ಅಂಚಿಗೆ ತಳ್ಳುವುದನ್ನು ಬಿಟ್ಟೆ. ತೊಳೆದು ಒಣಗಿಸಿ ಡಬ್ಬಿಗೆ ಹಾಕುತ್ತೇನೆ. ನನ್ನ ಹೆಂಡತಿಗೆ ಇದರ ಬಗ್ಗೆ ಅಭಿಪ್ರಾಯವಿದೆ, ಅದನ್ನು ಇಲ್ಲಿ ಹೇಳುವುದಿಲ್ಲ.

ಕೊಡ್ಡಾಯಿಯ ಜಾತಿಯ ಮೀನುಗಳಲ್ಲೇ ಈ ಕಲ್ಲು ಅಷ್ಟು ದೊಡ್ಡದು. ಇವು ಮಾತಾಡುವ ಮೀನುಗಳೂ ಹೌದು. ಹೊಟ್ಟೆಯೊಳಗೆ ಗಾಳಿಚೀಲವಿದೆ, ಅದರ ಪಕ್ಕದ ಸ್ನಾಯುಗಳನ್ನು ಬೇಗಬೇಗ ಅದುರಿಸಿ ಚೀಲವನ್ನೇ ಡೋಲು ಮಾಡಿಕೊಳ್ಳುತ್ತವೆ. ನನ್ನ ಸೋದರಮಾವ ದೋಣಿ ನಿಲ್ಲಿಸಿ, ಹುಟ್ಟನ್ನು ನೀರಿಗಿಳಿಸಿ, ಹಿಡಿಗೆ ಕಿವಿ ಆನಿಸಿ ಕೇಳುತ್ತಿದ್ದರು. ಒಮ್ಮೆ ನನಗೂ ಕೇಳಿಸಿದರು. ದೂರದಲ್ಲಿ ಕಪ್ಪೆಗಳು ವಟಗುಟ್ಟಿದಂತೆ, ಹಳೆಯ ಬಾಗಿಲು ಕೊರಗಿದಂತೆ. “ಕೇಳಿತಾ? ಕೆಳಗೆ ಸಂತೆ ಸೇರಿದೆ” ಎಂದರು ಮಾವ. ಕಡಲು ಮೌನ ಎಂದು ಪದ್ಯ ಬರೆಯುವವರನ್ನು ಕಂಡರೆ ನನಗೆ ಅಂದಿನಿಂದ ಸ್ವಲ್ಪ ಅನುಮಾನ.

ಈಗ ನಂಗು ಮೀನಿಗೆ ಬರೋಣ. ಕೆಲವರು ನಂಗ್ ಎನ್ನುತ್ತಾರೆ, ಕೊಂಕಣಿಯವರು ಲೆಪ್ಪೊ ಎನ್ನುತ್ತಾರೆ. ಮಳೆಗಾಲ ಮುಗಿದು ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಬುಟ್ಟಿಗಟ್ಟಲೆ ಬರುತ್ತದೆ. ಚಪ್ಪಟೆ, ನಾಲಿಗೆಯ ಆಕಾರ. ಅಮ್ಮ ತಲೆಯ ಬಳಿ ಉಗುರಿನಿಂದ ಸ್ವಲ್ಪ ಕೆದಕಿ, ಬೂದಿ ಮುಟ್ಟಿದ ಬೆರಳಿನಿಂದ ಚರ್ಮದ ತುದಿ ಹಿಡಿದು ಒಂದೇ ಎಳೆತಕ್ಕೆ ಬಾಲದವರೆಗೆ ಸುಲಿಯುತ್ತಿದ್ದಳು. ಸರ್ ಎಂದು ಬಟ್ಟೆ ಹರಿದ ಸದ್ದು. ಸುಲಿಯುವ ಮೊದಲು ನಾನು ಒಂದನ್ನು ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ಒಂದು ಬದಿ ಮಣ್ಣಿನ ಬಣ್ಣ, ಅಲ್ಲಿ ಎರಡು ಕಣ್ಣು, ಒಂದರ ಪಕ್ಕ ಒಂದು, ಎಳ್ಳಿನಷ್ಟು. ಇನ್ನೊಂದು ಬದಿ ಬೆಳ್ಳಗೆ, ಅಲ್ಲಿ ಕಣ್ಣೇ ಇಲ್ಲ. ಬಾಯಿ ಯಾರೋ ಮುನಿದು ತಿರುಚಿದಂತೆ ಓರೆ.

ಇದು ಹುಟ್ಟುವಾಗ ಹೀಗಿರುವುದಿಲ್ಲ. ಮರಿ ಎಲ್ಲ ಮೀನಿನಂತೆಯೇ ನೆಟ್ಟಗೆ ಈಜುತ್ತದೆ, ಎಡಕ್ಕೊಂದು ಬಲಕ್ಕೊಂದು ಕಣ್ಣು. ಕೆಲವೇ ವಾರಗಳಲ್ಲಿ ಬಲಗಣ್ಣು ಹೊರಡುತ್ತದೆ. ನೆತ್ತಿಯ ಕಡೆ ಸರಿದು, ದಾಟಿ, ಎಡಗಣ್ಣಿನ ಪಕ್ಕ ಬಂದು ನಿಲ್ಲುತ್ತದೆ. ಜೊತೆಗೆ ತಲೆಬುರುಡೆಯೂ ತಿರುಚಿಕೊಳ್ಳುತ್ತದೆ. ಆಮೇಲೆ ಮೀನು ಬಲಮಗ್ಗುಲಲ್ಲಿ ಮಲಗಿ ಜೀವನವಿಡೀ ಮರಳಿನ ಮೇಲೆ ಹಾಗೆಯೇ ಇರುತ್ತದೆ. ನಾನು ಎಂಟನೆಯ ತರಗತಿಗೆ ಸಮಮಿತಿ ಪಾಠ ಮಾಡುವಾಗ ಚಿಟ್ಟೆ, ಎಲೆ, ಮನುಷ್ಯನ ಮುಖ ಎಲ್ಲ ಬೋರ್ಡಿನ ಮೇಲೆ ಬರೆಯುತ್ತಿದ್ದೆ, ನಡುವೆ ಗೆರೆ ಎಳೆಯುತ್ತಿದ್ದೆ. ಕೊನೆಗೆ ನಂಗು ಮೀನನ್ನು ಬರೆದು, ಇದಕ್ಕೆ ಗೆರೆ ಎಳೆಯಿರಿ ಎನ್ನುತ್ತಿದ್ದೆ. ದಾವಣಗೆರೆ ಕಡೆಯ ಮಕ್ಕಳು ಮೇಷ್ಟ್ರಿಗೆ ಚಿತ್ರ ಬರೆಯಲು ಬರುವುದಿಲ್ಲ ಎಂದೇ ತಿಳಿದಿದ್ದರು.

ಈ ಕಣ್ಣಿನ ಮೇಲೆ ದೊಡ್ಡ ಜಗಳವೇ ನಡೆದಿದೆ. ಜೀವಿಗಳು ಸ್ವಲ್ಪಸ್ವಲ್ಪವಾಗಿ ಬದಲಾಗುತ್ತ ಬಂದವು ಎಂದ ಡಾರ್ವಿನ್ನರ ವಿರೋಧಿಗಳಲ್ಲಿ ಒಬ್ಬರಾದ ಮೈವರ್ಟ್ ಕೇಳಿದ್ದು ನ್ಯಾಯವಾದ ಪ್ರಶ್ನೆ: ಕಣ್ಣು ಪೂರ್ತಿ ಆಚೆಗೆ ಬಂದರೆ ಲಾಭ, ಒಪ್ಪಿದೆ. ಅರ್ಧ ದಾರಿಯಲ್ಲಿ ನಿಂತ ಕಣ್ಣಿನಿಂದ ಏನು ಲಾಭ? ಅಂಥ ಅರ್ಧಂಬರ್ಧ ಮೀನು ಎಂದಾದರೂ ಇತ್ತೇ? ಡಾರ್ವಿನ್ 1872ರಲ್ಲಿ ಉತ್ತರ ಕೊಟ್ಟರು. ಮಗ್ಗುಲಾಗಿ ಮಲಗಿದ ಮರಿ ಕೆಳಗಿನ ಕಣ್ಣನ್ನು ಮೇಲಕ್ಕೆ ತಿರುಗಿಸಲು ಹೆಣಗುವುದನ್ನು ಕಂಡವರಿದ್ದಾರೆ, ಆ ಹೆಣಗಾಟದಿಂದಲೇ ಇದು ಬಂದಿರಬೇಕು ಎಂದರು. ನನ್ನನ್ನು ಕೇಳಿದರೆ ಆ ಉತ್ತರ ಅಷ್ಟೇನೂ ಗಟ್ಟಿಯಲ್ಲ, ಪ್ರಶ್ನೆಯೇ ಗಟ್ಟಿ. ನೂರಮೂವತ್ತಾರು ವರ್ಷ ಕಳೆದ ಮೇಲೆ, 2008ರಲ್ಲಿ, ಮ್ಯಾಟ್ ಫ್ರೀಡ್‌ಮನ್ ಎಂಬ ಯುವ ಸಂಶೋಧಕರು ಯುರೋಪಿನ ವಸ್ತುಸಂಗ್ರಹಾಲಯಗಳಲ್ಲಿದ್ದ ಪಳೆಯುಳಿಕೆಗಳನ್ನು ಸರಿಯಾಗಿ ನೋಡಿದರು. ಸುಮಾರು 5 ಕೋಟಿ ವರ್ಷ ಹಳೆಯ ಮೀನುಗಳು. ಪೂರ್ತಿ ಬೆಳೆದವು, ಮರಿಗಳಲ್ಲ. ಒಂದು ಕಣ್ಣು ಮೇಲಕ್ಕೆ ಸರಿದಿದೆ, ಆದರೆ ನೆತ್ತಿ ದಾಟಿಲ್ಲ. ಮೈವರ್ಟ್ ಇರಲಾರದೆಂದ ಆ ಅರ್ಧ ದಾರಿಯ ಮೀನು ಎಷ್ಟೋ ಕಾಲದಿಂದ ಗಾಜಿನ ಪೆಟ್ಟಿಗೆಯಲ್ಲಿ ಕಾಯುತ್ತಿತ್ತು. ಅದರಲ್ಲೂ ಅದು ನೆತ್ತಿ ದಾಟದ ಕಣ್ಣಿನಿಂದಲೇ ಬೇಟೆಯಾಡಿ, ಹೊಟ್ಟೆ ತುಂಬಿಸಿಕೊಂಡು ಬದುಕಿತ್ತು.

ಅಮ್ಮ ಸುಲಿದು ಮಸಾಲೆ ಹಚ್ಚಿ ಕಾವಲಿಗೆ ಹಾಕುತ್ತಿದ್ದುದು ಇದನ್ನೇ. ರುಚಿ ಹೇಳುವುದಿಲ್ಲ, ಊಟದ ಹೊತ್ತಾಗುತ್ತಿದೆ.

ಇಲ್ಲಿಗೆ ಬರುವಾಗ ಒಬ್ಬರು ಕೇಳಿದರು, ದಾವಣಗೆರೆಯವರಿಗೆ ಕಡಲಿನ ಮಾತು ಯಾಕೆ ಸರ್, ನಮಗೂ ಅದಕ್ಕೂ ಏನು ಸಂಬಂಧ ಎಂದು. ನಿಮ್ಮ ಗದ್ದೆಗೆ ಬರುವುದು ಭದ್ರಾ ನಾಲೆಯ ನೀರು. ಭದ್ರೆ ಹುಟ್ಟುವುದು ಕುದುರೆಮುಖದ ಕಡೆಯ ಗಂಗಾಮೂಲದಲ್ಲಿ. ಅಲ್ಲಿಂದ ನಮ್ಮ ಕಡಲಿಗೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ನೂರು ಕಿಲೋಮೀಟರ್ ಕೂಡ ಇಲ್ಲ. ನದಿ ಮಾತ್ರ ಕಡಲಿಗೆ ಬೆನ್ನು ಹಾಕಿ ಪೂರ್ವಕ್ಕೆ ಹೊರಡುತ್ತದೆ. ಆ ಬೆಟ್ಟಕ್ಕೆ ಮಳೆ ಎಲ್ಲಿಂದ ಬಂತು? ಅರಬ್ಬೀ ಕಡಲಿನ ಮೇಲಿಂದ ಬೀಸಿದ ಮುಂಗಾರು ಗಾಳಿಯಿಂದ. ನಿಮ್ಮ ಅಕ್ಕಿ ಬೆಂದದ್ದು ಒಂದು ಸುತ್ತು ಹೊಡೆದು ಬಂದ ಕಡಲಿನ ನೀರಿನಲ್ಲಿ, ಉಪ್ಪನ್ನು ಅಲ್ಲೇ ಬಿಟ್ಟು ಬಂದಿದೆ.

ಅದೇ ಗಾಳಿ ಕಡಲಿನಲ್ಲಿ ಇನ್ನೊಂದು ಕೆಲಸ ಮಾಡುತ್ತದೆ. ಮುಂಗಾರಿನಲ್ಲಿ ಗಾಳಿ ನಮ್ಮ ತೀರದ ಗುಂಟ ದಕ್ಷಿಣದ ಕಡೆಗೂ ನೀರನ್ನು ತಳ್ಳುತ್ತದೆ. ಭೂಮಿ ತಿರುಗುತ್ತಿರುವುದರಿಂದ ನಮ್ಮ ಉತ್ತರಾರ್ಧ ಗೋಳದಲ್ಲಿ ಮೇಲ್ಪದರದ ನೀರು ಗಾಳಿಯ ಬಲಕ್ಕೆ ಸರಿಯುತ್ತದೆ. ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಬಲ ಎಂದರೆ ಪಶ್ಚಿಮ, ತೀರದಿಂದ ಆಚೆ. ಮೇಲಿನ ನೀರು ಆಚೆ ಹೋದ ಜಾಗಕ್ಕೆ ಕೆಳಗಿನ ತಣ್ಣನೆಯ ನೀರು ಏರಿ ಬರುತ್ತದೆ. ಕಡಲಿನ ತಳಕ್ಕೆ ಬಿದ್ದು ಕೊಳೆತ ಎಲ್ಲದರ ಸಾರ ಅದರಲ್ಲಿದೆ. ನೀವು ಗದ್ದೆಗೆ ಗೊಬ್ಬರ ಹಾಕಿದ ಹಾಗೆಯೇ. ಬಿಸಿಲು ಸಿಕ್ಕಿದ ಕೂಡಲೇ ಕಣ್ಣಿಗೆ ಕಾಣದ ಪಾಚಿಜೀವಿಗಳು ಕೋಟಿಗಟ್ಟಲೆ ಹುಟ್ಟುತ್ತವೆ. ಅವುಗಳಲ್ಲಿ ಡಯಾಟಮ್ ಎಂಬವು ಗಾಜಿನಂಥ ಡಬ್ಬಿ ಕಟ್ಟಿಕೊಂಡು ಅದರೊಳಗೆ ಬದುಕುತ್ತವೆ. ಅವನ್ನು ಕಿವಿರಿನ ಜರಡಿಯಲ್ಲಿ ಸೋಸಿ ತಿನ್ನುವುದು ಬೂತಾಯಿ. ನಮ್ಮ ಕಡೆ ಬೈಗೆ ಎನ್ನುತ್ತೇವೆ. ನಿಮ್ಮ ಭತ್ತದ ಸಸಿ, ನಮ್ಮ ಬೈಗೆಯ ಮರಿ, ಎರಡೂ ಒಂದೇ ಗಾಳಿಯ ಬೆಳೆ.

ಬೈಗೆ ಎಷ್ಟು ಬರುತ್ತಿತ್ತೆಂದರೆ, ತಿಂದು ಮಿಕ್ಕಿದ್ದನ್ನು ತೆಂಗಿನ ಬುಡಕ್ಕೆ ಹಾಕುತ್ತಿದ್ದೆವು. ನನಗೆ ಹತ್ತು ವರ್ಷವಿದ್ದಾಗ ಊರಿನಲ್ಲಿ ಇನ್ನೂ ರಂಪಣಿ ಇತ್ತು. ಕಿಲೋಮೀಟರಿಗಿಂತ ಉದ್ದದ ಬಲೆ, ದೋಣಿಯಲ್ಲಿ ಒಯ್ದು ಅರ್ಧಚಂದ್ರದ ಹಾಗೆ ಹರಡಿ, ಎರಡೂ ತುದಿಯ ಹಗ್ಗವನ್ನು ದಡದಿಂದ ಎಳೆಯುವುದು. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲು. ನಾನೂ ಹಾಕಿದ್ದೇನೆ. ಎಳೆದದ್ದಕ್ಕಿಂತ ಜೋತುಬಿದ್ದದ್ದೇ ಹೆಚ್ಚು, ಆದರೂ ಬುಟ್ಟಿಗೆ ಮೀನು ಬೀಳುತ್ತಿತ್ತು. ಬಲೆಯ ಹೊಟ್ಟೆ ದಡ ಸಮೀಪಿಸಿದಾಗ ನೀರು ಕುದಿಯುವಂತೆ ಕಾಣುತ್ತಿತ್ತು, ಬೆಳ್ಳಿ ಕುದಿಯುವಂತೆ. 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದವು. ಮೀನಿನ ಗುಂಪು ದಡಕ್ಕೆ ಬರುವ ಮೊದಲೇ ನಡುನೀರಿನಲ್ಲಿ ಸುತ್ತುವರಿದು ಎತ್ತುವ ಬಲೆ ಅದು. ರಂಪಣಿ ಮುಗಿಯಿತು. ಹಳೆಯದೆಲ್ಲ ಚಿನ್ನ ಎಂದು ಹಲುಬುವವನು ನಾನಲ್ಲ. ಪರ್ಸೀನ್ ದುಡ್ಡಿನಿಂದ ಓದಿ ಎಂಜಿನಿಯರ್ ಆದ ಹುಡುಗರು ನನ್ನ ಸಂಬಂಧದಲ್ಲೇ ಇದ್ದಾರೆ.

ಆದರೆ ಈ ಅಂಕಿಯನ್ನು ಕೇಳಿ. ನಮ್ಮ ಪಕ್ಕದ ಕೇರಳದಲ್ಲಿ 2012ರಲ್ಲಿ ಸಿಕ್ಕಿದ ಬೂತಾಯಿ ಸುಮಾರು 4 ಲಕ್ಷ ಟನ್. 2021ರಲ್ಲಿ ಮೂರೂವರೆ ಸಾವಿರ ಟನ್ ಕೂಡ ದಾಟಲಿಲ್ಲ. ನೂರು ಮೀನಿದ್ದ ಕಡೆ ಒಂದು. ಹಿಡಿದದ್ದು ಹೆಚ್ಚಾಯಿತು ಎಂಬುದೂ ಇದೆ, ನೀರಿನ ಬಿಸಿ, ಮಳೆಯ ಏರುಪೇರು ಎಂಬುದೂ ಇದೆ. ಎರಡೂವರೆ ಮೂರು ವರ್ಷವಷ್ಟೇ ಬದುಕುವ ಮೀನು. ಎರಡು ಮಳೆಗಾಲ ಕೈಕೊಟ್ಟರೆ ಅದರ ಲೆಕ್ಕವೇ ತಪ್ಪುತ್ತದೆ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ದೋಣಿಗಳಿಗೆ ರಜೆ ಇರುವುದು ಮೊಟ್ಟೆಯಿಡುವ ಈ ಕಾಲವನ್ನು ನೋಡಿಯೇ. ಕೇರಳ 2015ರಲ್ಲಿ ಇನ್ನೊಂದು ನಿಯಮ ತಂದಿತು: ಬೂತಾಯಿ 10 ಸೆಂಟಿಮೀಟರಿಗಿಂತ, ಬಂಗುಡೆ 14 ಸೆಂಟಿಮೀಟರಿಗಿಂತ ಚಿಕ್ಕದಾದರೆ ಹಿಡಿಯಬಾರದು.

ಇದನ್ನು ಓದಿದ ಮೇಲೆ ನಾನು ಮಾರುಕಟ್ಟೆಗೆ ಹೋಗುವಾಗ ಜೇಬಿನಲ್ಲಿ ಹದಿನೈದು ಸೆಂಟಿಮೀಟರ್ ಸ್ಕೇಲ್ ಇಟ್ಟುಕೊಳ್ಳತೊಡಗಿದೆ. ಇದೇ ಊರಿನಲ್ಲಿ, ಮಂಜುಗಡ್ಡೆಯ ಪೆಟ್ಟಿಗೆಯ ಮುಂದೆ ಬಗ್ಗಿ ಬಂಗುಡೆಯನ್ನು ಅಳೆದೆ. ಹನ್ನೆರಡು. ಇನ್ನೊಂದು, ಹನ್ನೆರಡೂವರೆ. ಅಂಗಡಿಯವನು ಸ್ವಲ್ಪ ಹೊತ್ತು ನೋಡಿ ಕೇಳಿದ: “ಮೇಷ್ಟ್ರೇ, ಮೀನು ಬೇಕಾ, ಅದಕ್ಕೆ ಅಂಗಿ ಹೊಲಿಸಬೇಕಾ?” ಅವತ್ತು ಬದನೆಕಾಯಿ ತೆಗೆದುಕೊಂಡು ಮನೆಗೆ ಬಂದೆ. ಈಗ ಅವನೇ ದೊಡ್ಡವನ್ನು ಬೇರೆ ತೆಗೆದಿಟ್ಟು, “ಹದಿನೆಂಟು ಇದೆ, ಅಳೆದುಕೊಳ್ಳಿ” ಎನ್ನುತ್ತಾನೆ. ತಲೆ ಕತ್ತರಿಸಿ ಎಸೆಯಬೇಡ, ಅದನ್ನೂ ಕೊಡು ಎಂದು ಹೇಳುವುದನ್ನು ಮಾತ್ರ ಪ್ರತಿ ಸಲವೂ ನೆನಪಿಸಬೇಕು.

ಪ್ರಶ್ನೆಗಳಿದ್ದರೆ ಕೇಳಿ ಎಂದೆ. ಮೊದಲು ಯಾರೂ ಏಳಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಹನ್ನೊಂದು ಹನ್ನೆರಡರ ಹುಡುಗನೊಬ್ಬ ಎದ್ದು ನಿಂತು, “ಸರ್, ಮೀನಿಗೂ ನಿಮ್ಮ ಹಾಗೆ ತಲೆಸುತ್ತು ಬರುತ್ತದೆಯೇ?” ಎಂದು ಕೇಳಿದ.

ಸಭೆ ನಕ್ಕಿತು. ನನಗೆ ಮಾತ್ರ ಅವನನ್ನು ಎತ್ತಿಕೊಳ್ಳಬೇಕೆನಿಸಿತು, ಏಕೆಂದರೆ ಇದಕ್ಕೆ ಉತ್ತರವಿದೆ. 1973ರಲ್ಲಿ ಅಮೆರಿಕದವರು ಸ್ಕೈಲ್ಯಾಬ್ ಎಂಬ ಬಾಹ್ಯಾಕಾಶ ನಿಲ್ದಾಣಕ್ಕೆ ಎರಡು ಪುಟ್ಟ ಮೀನುಗಳನ್ನೂ ಐವತ್ತು ಮೊಟ್ಟೆಗಳನ್ನೂ ಒಯ್ದಿದ್ದರು. ಅಲ್ಲಿ ಭಾರವೇ ಇಲ್ಲ. ಕಿವಿಯ ಕಲ್ಲು ಯಾವ ಕಡೆಗೂ ವಾಲುವುದಿಲ್ಲ. ಮೀನುಗಳು ಮೊದಲಿಗೆ ಸುಮ್ಮನೆ ಲಾಗ ಹಾಕಿದವು, ಸುತ್ತು ಸುತ್ತು ಸುತ್ತು. ಕ್ರಮೇಣ ಬೆಳಕಿರುವ ಕಡೆಯನ್ನೇ ಮೇಲೆ ಎಂದು ಇಟ್ಟುಕೊಂಡು, ಅತ್ತ ಬೆನ್ನು ಮಾಡಿ ಸುಧಾರಿಸಿಕೊಂಡವು. ಮೊಟ್ಟೆಯೊಡೆದು ಅಲ್ಲೇ ಹುಟ್ಟಿದ ಮರಿಗಳು ಮಾತ್ರ ಮೊದಲಿನಿಂದಲೂ ನೆಟ್ಟಗೆ ಈಜಿದವು. ಅವಕ್ಕೆ ಕೆಳಗೆ ಎಂಬುದೊಂದಿದೆ ಎಂದು ಯಾರೂ ಹೇಳಿರಲಿಲ್ಲವಲ್ಲ.

“ಹಾಗಾದರೆ ಅವುಗಳ ಕಲ್ಲು ಏನಾಯಿತು?” ಎಂದ ಹುಡುಗ. ಅಷ್ಟರಲ್ಲಿ ಚಹಾ ಬಂತು, ಎಲ್ಲರೂ ಎದ್ದರು.

ಡಬ್ಬಿ ಕೊನೆಗೆ ಕಿಟಕಿಯ ಕಟ್ಟೆಯ ಮೇಲೆ ಸಿಕ್ಕಿತು. ಗಣಿತದವನು, ಎಣಿಸದೆ ಇರಲಾಗಲಿಲ್ಲ. ಇಪ್ಪತ್ತಮೂರಿತ್ತು. ಹುಣಸೆ ಬೀಜದ ಗಾತ್ರದ್ದೊಂದು ಇರಲಿಲ್ಲ. ಆ ಹುಡುಗ ಚಹಾ ಕುಡಿಯದೆ ಹೊರಟುಹೋಗಿದ್ದ.